ಭಂಡಾರದ ಮೇಲಿನ ಟಾರ್ಗೆಟ್

ಶಂಕ್ರೆವ್ವನಿಗೆ ಸಿಟ್ಟು ಬಂತೆಂದರೆ ರಬಕವಿಯ ಆ ಓಣಿಯಲ್ಲಿ ಮಗ್ಗಗಳ ಖಟಪಟ ಸಪ್ಪಳವನ್ನೂ ಮೀರಿ ಅವಳ ದನಿ ಕೇಳುತ್ತಿತ್ತು. ಹಾಲಿಗೆ ನೀರು ಬೆರೆಸಿದವನು, ರೇಷನ್ ತೂಕದಲ್ಲಿ ಕೈಚಳಕ ತೋರಿಸಿದವನು, ಬಸ್ಸಿನಲ್ಲಿ ಬಸುರಿಯನ್ನು ನಿಲ್ಲಿಸಿ ತಾನು ಕುಳಿತವನು, ಯಾರೂ ಅವಳ ಬಾಯಿಂದ ತಪ್ಪಿಸಿಕೊಂಡವರಲ್ಲ. ಗಂಡ ಹಣಮಪ್ಪ ಜಮಖಂಡಿ ಡಿಪೋದಲ್ಲಿ ಡ್ರೈವರ್. ದಾರಿಯುದ್ದಕ್ಕೂ ಹಾರ್ನ್ ಬಾರಿಸುತ್ತ ಹೋಗುವ ಮನುಷ್ಯ, ಮನೆಯ ಹೊಸ್ತಿಲು ದಾಟಿದರೆ ಕೆಮ್ಮಲಿಕ್ಕೂ ವಿಚಾರ ಮಾಡುತ್ತಿದ್ದ. ಇಂಥ ಹೆಂಗಸು ಒಮ್ಮೆ ಮಾತ್ರ, ಬಾಯಿ ಬಿಡಲೇಬೇಕಾದ ಹೊತ್ತಿನಲ್ಲಿ ತುಟಿ ಹೊಲಿದುಕೊಂಡು ನಿಂತಳು. ಆ ಸಿಟ್ಟು ಒಳಗೇ ಕುದಿದು ಕುದಿದು ಏನಾಯಿತು ಎಂಬುದೇ ಈ ಕತೆ.

ಶಂಕ್ರೆವ್ವ ಹುಟ್ಟಿದ್ದು ತೇರದಾಳದ ಹತ್ತಿರದ ಕುರಿಗಾರರ ಮನೆಯಲ್ಲಿ. ಬೀರದೇವರ ಒಕ್ಕಲು. ಲಂಗ ಉಡುವ ವಯಸ್ಸಿನಲ್ಲೇ ಅವ್ವನ ಬೆನ್ನಿಗೆ ಬಿದ್ದು, ತಲೆಯ ಮೇಲೆ ಕಂಬಳಿ ಗಂಟು ಹೊತ್ತು ಬನಹಟ್ಟಿ, ಮಹಾಲಿಂಗಪುರ, ಮುಧೋಳ ಎಂದು ಓಣಿ ಓಣಿ ತಿರುಗಿದವಳು. ಯಾವ ಮನೆಯಲ್ಲಿ ಮಾತಾಡಿಸಿ ನೀರು ಕೊಡುತ್ತಾರೆ, ಯಾವ ಮನೆಯಲ್ಲಿ ಬಾಗಿಲ ಸಂದಿಯಿಂದಲೇ ಕೈ ಬೀಸಿ ಕಳಿಸುತ್ತಾರೆ ಎಂಬುದು ಅವಳಿಗೆ ಬಾಯಿಪಾಠ. ಮದುವೆಯಾಗಿ ರಬಕವಿಗೆ ಬಂದ ಮೇಲೂ ಕಂಬಳಿ ಮಾರುವುದನ್ನು ಬಿಡಲಿಲ್ಲ. "ನೌಕರದಾರನ ಹೆಂಡತಿ ಗಂಟು ಹೊತ್ತು ತಿರಗತಾಳ" ಎಂದು ನೆಂಟರು ಮೂಗು ಮುರಿದರೆ, "ಮೂಗ ಮುರಕೊಳ್ಳಾಕ ಅವರದ ಐತಿ, ಮುರಕೊಳ್ಳಲಿ" ಎಂದು ಗಂಟು ಎತ್ತಿಕೊಂಡು ನಡೆಯುತ್ತಿದ್ದಳು.

ತೊಂಬತ್ತೇಳನೆಯ ಇಸವಿಯಲ್ಲಿ ಆ ಕಂಪನಿ ಬಂತು. ಅದರ ಹೆಸರು ಹೇಳಿ ಬಾಯಿ ಹೊಲಸು ಮಾಡಿಕೊಳ್ಳುವುದು ಬೇಡ. ಬಟ್ಟೆ ತೊಳೆಯುವ ಪುಡಿ, ಹಲ್ಲಿನ ಪೇಸ್ಟು, ಹಾಲಿಗೆ ಹಾಕಿ ಕುಡಿಯುವ ಎಂಥದೋ ಶಕ್ತಿಯ ಪುಡಿ. ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಮನೆಗೆ ಹೋಗಿ ಮಾರಬೇಕು. ಮಾರಿದರೆ ಲಾಭ. ಮಾರುವ ಇನ್ನೊಬ್ಬಳನ್ನು ಕೈಕೆಳಗೆ ಸೇರಿಸಿದರೆ ಅವಳು ಮಾರಿದ್ದರಲ್ಲೂ ಪಾಲು. ಅವಳು ಮತ್ತೊಬ್ಬಳನ್ನು ಸೇರಿಸಿದರೆ ಅದರಲ್ಲೂ ಪಾಲು. ಹೀಗೆ ಕೆಳಗಿನವರ ಬೆನ್ನೇರಿ ಮೇಲಿನವರು ಸಿಲ್ವರ್, ಗೋಲ್ಡ್, ಡೈಮಂಡ್ ಎಂದು ಹತ್ತುತ್ತ ಹೋಗುವ ವ್ಯವಹಾರ.

ಇದನ್ನು ತಂದವನು ನಾಮದೇವ. ಮುಧೋಳದವನು, ಕಚೇರಿಯೊಂದರಲ್ಲಿ ಕಾರಕೂನನಾಗಿದ್ದವನು. ಅವನೂ ಬೀರದೇವರ ಒಕ್ಕಲೇ, ಅವನ ಅಜ್ಜ ಡೊಳ್ಳು ಕಟ್ಟಿ ಊರೂರು ಸುತ್ತಿದವನು. ಮೊಮ್ಮಗ ಮಾತ್ರ ಚೈತ್ರದ ಬಿಸಿಲಿನಲ್ಲಿ, ಎಮ್ಮೆಗಳು ಹೊಳೆಯಿಂದ ಮೇಲೇಳಲು ಒಲ್ಲೆ ಎನ್ನುವ ಹೊತ್ತಿನಲ್ಲಿ, ಕೊರಳಿಗೆ ಟೈ ಬಿಗಿದುಕೊಂಡು ಬರುತ್ತಿದ್ದ. ಬಂದವನೇ ಶಂಕ್ರೆವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಅಕ್ಕಾ, ನಿನ್ನಂಥಾಕಿ ಇಡೀ ತಾಲೂಕಿನ್ಯಾಗ ಇಲ್ಲ. ನಿನಗ ತಿಳಿಯದ ಮನಿ ಯಾವದೈತಿ? ನೀ ಕಂಬಳಿ ಮಾರಾಕ ಹುಟ್ಟಿದಾಕಿ ಅಲ್ಲ."

ಹೊಗಳಿಕೆಗೆ ಯಾರು ಸೋಲುವುದಿಲ್ಲ? ಶಂಕ್ರೆವ್ವನೂ ಸೋತಳು. ಆದರೆ ಸೇರಿದ ಮೇಲೆ ಅವಳು ಮಾಡಿದ್ದು ಬೇರೆಯೇ. ಓಣಿಯ ಹೆಂಗಸರನ್ನು, ಬನಹಟ್ಟಿ ಹೊರಗಿನ ಕುರಿಹಟ್ಟಿಯ ಮರೆವ್ವನನ್ನು, ಕಂಡಿಕೆ ಸುತ್ತುವ ಹಾಲವ್ವನನ್ನು ಸೇರಿಸಿ ಪ್ರತಿ ರವಿವಾರ ಪಡಸಾಲೆಯಲ್ಲಿ ಕೂಡಿಸುತ್ತಿದ್ದಳು. ಆ ವಾರ ಯಾರು ಏನು ಸಾಧಿಸಿದರು ಎಂದು ಎಲ್ಲರೆದುರು ಹೇಳುವುದು. ಎಷ್ಟು ಮಾರಿದರು ಎಂಬುದಲ್ಲ ಅವಳ ಲೆಕ್ಕ.

"ಹಾಲವ್ವ ಈ ವಾರ ಏನೂ ಮಾರಿಲ್ಲ. ಆದರ ಗುರುತಿಲ್ಲದ ಮನಿ ಬಾಗಿಲಾ ಬಡದ, ಅಂಜದ ಮಾತಾಡಿ ಬಂದಾಳ. ಹೊಡೀರಿ ಚಪ್ಪಾಳಿ!" ಎನ್ನುತ್ತ ದೇವರ ಜಗುಲಿಯಿಂದ ಬೀರದೇವರ ಭಂಡಾರದ ಅರಿಸಿಣ ಪುಡಿ ತಂದು ಹಾಲವ್ವನ ಹಣೆಗೆ ಹಚ್ಚುತ್ತಿದ್ದಳು. ಹಾಲವ್ವ ಗಂಡನ ಮನೆಗೆ ಬಂದು ಮಕ್ಕಳನ್ನು ಹೆತ್ತು, ಅವರ ಮದುವೆ ಮಾಡಿ ಮುಗಿಸಿದ್ದರೂ, ನೀನು ಛಲೋ ಮಾಡಿದಿ ಎಂದು ಯಾರ ಬಾಯಿಂದಲೂ ಕೇಳಿರಲಿಲ್ಲ. ಹಣೆಯ ಅರಿಸಿಣ ಒರೆಸಿಕೊಳ್ಳದೆ ಹಾಗೇ ಸಂತೆಗೆ ಹೋದಳು. ಹೀಗೆ ಅಂಜದ ಹೆಂಗಸರು ಮಾರಲಿಕ್ಕೂ ಕಲಿತರು. ಶಂಕ್ರೆವ್ವನ ಟೀಮಿನ ಹೆಸರು ಪುಣೆಯಲ್ಲಿದ್ದ ಕಂಪನಿಯ ಕಚೇರಿಯವರೆಗೂ ಹೋಯಿತು.

ಹೋಗಬಾರದಿತ್ತು. ದಸರೆ ಮುಗಿದ ಮೇಲೆ ಒಂದು ರವಿವಾರ ನಾಮದೇವ ಸಭೆಗೆ ತಾನೇ ಬಂದ. ಬಗಲಲ್ಲಿ ಬಣ್ಣಬಣ್ಣದ ಪುಸ್ತಕಗಳು. ಅವುಗಳೊಳಗಿನ ಚಿತ್ರ ಕತ್ತರಿಸಿ, ನಿಮಗೆ ಬೇಕಾದದ್ದನ್ನು ಗೋಡೆಗೆ ಅಂಟಿಸಿ, ದಿನಾ ನೋಡಿ, ಅದೇ ನಿಮ್ಮ ಗುರಿ ಎಂದ. ಒಬ್ಬಳು ಫ್ರಿಜ್ಜು ಕತ್ತರಿಸಿದಳು, ಒಬ್ಬಳು ಬಂಗಲೆ. ಮರೆವ್ವ ಹಾಳೆ ಮಗುಚಿ ಮಗುಚಿ ಹುಡುಕುತ್ತಲೇ ಇದ್ದಳು.

"ಏನ ಹುಡುಕಾಕತ್ತಿ ಮರೆವ್ವಾ?" ನಾಮದೇವ ಕೇಳಿದ.

"ಇದರಾಗ ಕುರಿ ಎಲ್ಲದಾವರಿ?"

ನಾಮದೇವ ಬಿದ್ದು ಬಿದ್ದು ನಕ್ಕ. "ಕುರಿ ಕಾಯೂದು ಬಿಡಸಾಕ ನಾ ಬಂದೀನವಾ! ಕಾರು ಅನ್ನು, ಕಾರು!" ಎಂದು ಕೆಂಪು ಕಾರಿನ ಚಿತ್ರವನ್ನು ತಾನೇ ಕತ್ತರಿಸಿ ಅವಳ ಕೈಗಿಟ್ಟ. ಎಲ್ಲರೂ ನಕ್ಕರು. ಮರೆವ್ವ ಕೂಡ ನಾಚಿಕೊಂಡು ನಕ್ಕಳು. ಅವಳ ಗಂಡ ಅಮಸಿದ್ದಪ್ಪ ಮೂರು ತಲೆಮಾರಿನ ಕುರಿ ಹಿಂಡು ಕಾಯುವವನು, ಆ ಹಿಂಡಿಗಿಂತ ದೊಡ್ಡ ಆಸೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಶಂಕ್ರೆವ್ವ ಚಹಾ ತರಲು ಒಳಗೆ ಹೋದಳು. ಇತ್ತ ನಾಮದೇವನ ಕಣ್ಣು ಜಗುಲಿಯ ಮೇಲಿನ ಭಂಡಾರದ ಬಟ್ಟಲಿಗೆ ಬಿತ್ತು. ಹಾಳೆಯ ಮೇಲೆ ಬರೆಸಿದ ಟಾರ್ಗೆಟ್ಟನ್ನು ಹೆಂಗಸರು ಒಲೆಗೆ ಹಾಕುತ್ತಾರೆಂದು ಅವನಿಗೆ ಗೊತ್ತಿತ್ತು. ಭಂಡಾರ ಮುಟ್ಟಿ ಆಡಿದ ಮಾತನ್ನು ಈ ಒಕ್ಕಲಿನವರು ಪ್ರಾಣ ಹೋದರೂ ತಪ್ಪುವುದಿಲ್ಲ ಎಂಬುದೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದ, ಅವನ ಬಾಯಿಗೆ ಮಣ್ಣು ಬೀಳ! ಬಟ್ಟಲನ್ನು ನಡುವೆ ಇಟ್ಟು, "ಯುಗಾದಿಯೊಳಗ ಯಾರು ಎಷ್ಟು ಪೆಟಿಗಿ ಮಾರ್ತೀರಿ, ಬೀರಪ್ಪನ ಸಾಕ್ಷಿಯಾಗಿ ಹೇಳ್ರಿ" ಎಂದ. ಒಬ್ಬಳು ಹೇಳಿದ್ದಕ್ಕಿಂತ ಇನ್ನೊಬ್ಬಳು ಹೆಚ್ಚು ಹೇಳುವಂತೆ ಹುರಿದುಂಬಿಸಿದ. ಕೊನೆಯವಳು ಮರೆವ್ವ. ಎಲ್ಲರಿಗಿಂತ ಹೆಚ್ಚು ಹೇಳಿದರೆ ಜಮಖಂಡಿಯ ದೊಡ್ಡ ಸಭೆಯಲ್ಲಿ ಶಾಲು ಹೊದಿಸುತ್ತೇವೆ ಎಂದ. ಮರೆವ್ವ ಭಂಡಾರ ಮುಟ್ಟಿದಳು, ಹತ್ತು ಪೆಟ್ಟಿಗೆ ಎಂದಳು.

ಶಂಕ್ರೆವ್ವ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಣೆಗೆ ಹಚ್ಚುವ ಭಂಡಾರವನ್ನು ಇವನು ಕೊರಳಿಗೆ ಹಗ್ಗ ಮಾಡಿದನಲ್ಲ! ಅಷ್ಟರಲ್ಲಿ ನಾಮದೇವ ತಿರುಗಿ ಕೈ ಮುಗಿದ. "ಇಂಥಾ ಟೀಮ್ ಕಟ್ಟಿದಾಕಿ ನಮ್ಮ ಅಕ್ಕ! ಯುಗಾದಿಗೆ ಗೋಲ್ಡ್!" ಎಂದ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಶಂಕ್ರೆವ್ವನ ನಾಲಗೆ ಹೊರಳಲಿಲ್ಲ. ಎಲ್ಲರಿಗೂ ಚಹಾ ಕೊಟ್ಟಳು.

ಯುಗಾದಿ ಹತ್ತಿರ ಬಂದಾಗ ಮರೆವ್ವ ಸಭೆಗೆ ಬರುವುದನ್ನು ಬಿಟ್ಟಳು. ಆದರೆ ಅವಳ ಹೆಸರಿನ ಮುಂದೆ ಹತ್ತೂ ಪೆಟ್ಟಿಗೆ ಪೂರ್ತಿ ಎಂದು ನಾಮದೇವ ಹೇಳಿ ಕಳಿಸಿದ್ದ. ಶಂಕ್ರೆವ್ವನಿಗೆ ಅನುಮಾನ ಬಂತು. ಬನಹಟ್ಟಿ ಬಸ್ಸು ಹತ್ತಿ, ಇಳಿದು, ಹೊಲದ ಬದುವಿನಗುಂಟ ಹಟ್ಟಿಗೆ ನಡೆದಳು. ಮರಿಗಳನ್ನು ಕೂಡಿಹಾಕುವ ಜಾಗದಲ್ಲಿ ಪುಡಿಯ ಪೆಟ್ಟಿಗೆಗಳು ಒಂದರ ಮೇಲೊಂದು ಕುಳಿತಿದ್ದವು. ಹಟ್ಟಿಯೊಳಗೆ ಕುರಿಯ ಸದ್ದೇ ಕಡಿಮೆಯಾಗಿತ್ತು. ಅಮಸಿದ್ದಪ್ಪ ಹೊರಗೆ ಕಂಬಳಿ ಹೊದ್ದು ಕುಳಿತಿದ್ದ. ಬಂದವಳನ್ನು ನೋಡಿ ಮುಖ ತಿರುಗಿಸಿಕೊಂಡ.

"ಯಾಕ ಬೇ ಮರೆವ್ವಾ, ಇವೆಲ್ಲಾ ಏನ?"

"ಯಾರೂ ಕೊಳ್ಳವಲ್ಲರ ಯಕ್ಕಾ. ನಾನ ಕೊಂಡನಿ."

"ಯಾತರಿಂದ ಕೊಂಡಿ?"

ಮರೆವ್ವ ಸೆರಗಿನ ಚುಂಗು ಹಿಂಡುತ್ತ ನಿಂತಳು. "ಈಯಾಕ ಬಂದ ಕುರಿ ಎಲ್ಲಾ ಮಾರೀನಿ. ಭಂಡಾರ ಮುಟ್ಟೀನಲ್ಲಾ, ಮಾತ ತಪ್ಪಿದರ ಹಿಂಡ ಉಳೀತೇತೇನ? ಇವರು ನನ್ನ ಕೂಡ ಮಾತ ಬಿಟ್ಟಾರ."

ಈಯುವ ಕುರಿಗಳು! ಒಂದು ಹಿಂಡಿನ ನಾಳೆಯೇ ಹೋದಂತೆ. ಹಿಂಡು ಉಳಿಯಲೆಂದು ಹಿಂಡನ್ನೇ ಮಾರಿದ್ದಳು. ಶಂಕ್ರೆವ್ವನ ಮೈಯೆಲ್ಲ ಉರಿಯಿತು. ಅಲ್ಲಿಂದ ನೇರ ಮುಧೋಳಕ್ಕೆ ಹೋಗಿ ನಾಮದೇವನ ಬಾಗಿಲಲ್ಲಿ ನಿಂತಳು. ಅವನು ಕೂತಲ್ಲಿಂದ ಏಳಲಿಲ್ಲ.

"ಅಕ್ಕಾ, ಅದಕ್ಕ ಬಾಂಧಿಲಕಿ ಅಂತಾರ, ಕೊಟ್ಟ ಮಾತಿಗೆ ಕಟ್ಟುಬೀಳೂದು. ಖರೇ ಸಾಧಕಿ ಮರೆವ್ವ! ಜಮಖಂಡಿಯಾಗ ನಿನಗ ಗೋಲ್ಡ್ ಬಿಲ್ಲಿ, ಅಕಿಗೆ ಶಾಲು. ಅವತ್ತ ಎಲ್ಲಾರ ಕಡೆಯಿಂದ ಮುಂದಿನ ವರ್ಷದ ಟಾರ್ಗೆಟ್ಟೂ ಭಂಡಾರದ ಮ್ಯಾಲ ಹೇಳಸೂಣು, ದುಪ್ಪಟ್ಟು."

"ಬ್ಯಾಡಪಾ. ಉಳಿದ ಕುರೀನೂ ಮಾರ್ತಾಳ ಅಕಿ."

"ಮಾರಾಕ ನಾ ಹೇಳೀನೇನ? ಮಾಲ ಮಾರಂದ್ರ ಕುರಿ ಮಾರಿದರ ಯಾರ ತಪ್ಪು?"

ಮನೆಗೆ ಬಂದು ಗಂಡನೆದುರು ಪಾತ್ರೆ ಬಡಿದಳು. ಹಣಮಪ್ಪ ಸಾವಕಾಶ ಕೇಳಿದ, "ಬಿಟ್ಟ ಬಿಡಲ್ಲಾ ಅತ್ತಾಗ?" "ನಾ ಬಿಟ್ಟರ ಮರೆವ್ವ ಬಿಡ್ತಾಳೇನ್ರಿ? ಇನ್ನೊಮ್ಮೆ ಅಕಿ ಕೈ ಭಂಡಾರಕ್ಕ ಹೋದರ ಆ ಹಟ್ಟಿ ಖಾಲಿ. ಅದನ್ನ ತಪ್ಪಸಬೇಕು, ನನಗ ಬ್ಯಾರೆ ಏನೂ ಬ್ಯಾಡ" ಎಂದಳು. ಹೇಗೆ ತಪ್ಪಿಸುವುದು ಎಂಬುದು ಅವಳಿಗೂ ಹೊಳೆದಿರಲಿಲ್ಲ.

ಜಮಖಂಡಿಯ ಕಲ್ಯಾಣಮಂಟಪ ತುಂಬಿತ್ತು. ಮುಧೋಳ, ಬೀಳಗಿ, ಬನಹಟ್ಟಿ, ಎಲ್ಲ ಕಡೆಯ ಹೆಂಗಸರೂ ಇದ್ದ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ವೇದಿಕೆಯ ಮೇಲೆ ಪುಣೆಯ ಸಾಹೇಬ, ಕೆಳಗೆ ಕ್ಯಾಸೆಟ್ಟಿನ ಅಬ್ಬರ. ಹೆಸರು ಕೂಗುವುದು, ಚಪ್ಪಾಳೆ, ಬಿಲ್ಲೆ ಚುಚ್ಚುವುದು. ಮರೆವ್ವನಿಗೆ ಶಾಲು ಹೊದಿಸಿದರು. ತೆಳ್ಳನೆಯ ಶಾಲು. ಮನೆಯಲ್ಲಿ ಸ್ವಂತ ಕುರಿಯ ಉಣ್ಣೆಯ ಕಂಬಳಿ ಹೊದ್ದವಳಿಗೆ ಇವರು ಹೊದಿಸಿದ್ದು ಸೊಳ್ಳೆಪರದೆಯಂಥ ಬಟ್ಟೆ. ಅದನ್ನೇ ಅವಳು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು ಇಳಿದಳು. ನೋಡುತ್ತಿದ್ದ ಶಂಕ್ರೆವ್ವನಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು.

ಆಮೇಲೆ ಹಿತ್ತಾಳೆಯ ಪರಾತದ ತುಂಬ ಭಂಡಾರ ತಂದಿಟ್ಟರು. ನಾಮದೇವ ಮೈಕು ಹಿಡಿದ.

"ಈಗ ನಮ್ಮ ಗೋಲ್ಡ್ ಲೀಡರ್ ಶಂಕ್ರೆವ್ವ ಅಕ್ಕಾರು ಮೊದಲ ಭಂಡಾರ ಮುಟ್ಟಿ ಟಾರ್ಗೆಟ್ ಹೇಳ್ತಾರ. ಅವರ ಹಿಂದ ಎಲ್ಲಾರೂ ಸಾಲಾಗಿ ಬರ್ರಿ."

ಶಂಕ್ರೆವ್ವ ವೇದಿಕೆ ಹತ್ತಿ ಕೆಳಗೆ ನೋಡಿದಳು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಮರೆವ್ವ ನಿಂತಿದ್ದಳು. ಹೇಳಬೇಕಾದ ಸಂಖ್ಯೆಯನ್ನು ತುಟಿಯಲ್ಲೇ ಗುಣಗುಣಿಸಿಕೊಳ್ಳುತ್ತಿದ್ದಳು. ಅಷ್ಟೇ ಸಾಕಾಯಿತು. ಶಂಕ್ರೆವ್ವ ನಾಮದೇವನ ಕೈಯಿಂದ ಮೈಕು ಕಸಿದುಕೊಂಡಳು.

"ಟಾರ್ಗೆಟ್ ಹೇಳ್ತೀನಿ. ಆದರ ಯಾವಾಗಲೂ ಕೆಳಗಿನವರೇ ಮುಟ್ಟಬೇಕೇನ? ಇವತ್ತ ಮ್ಯಾಲಿನವರು ಮುಟ್ಟಲಿ. ಬಾರಪಾ ನಾಮದೇವಾ, ಭಂಡಾರಕ್ಕ ಕೈ ಹಚ್ಚು. ನಮ್ಮ ಟೀಮಿನ ಮಾಲೆಲ್ಲಾ ಗಿರಾಕಿ ಮನಿಗೆ ಹೋಗೇತಿ, ಯಾವ ಹೆಣ್ಣಮಗಳ ಮನ್ಯಾಗೂ ಕೊಳೀತ ಬಿದ್ದಿಲ್ಲ ಅಂತ ಹೇಳು. ನೀ ಹೇಳಿದರ ನಾ ದುಪ್ಪಟ್ಟಲ್ಲ, ನಾಕಪಟ್ಟು ಮಾರ್ತೀನಿ."

ನಾಮದೇವ ನಕ್ಕ. ಪುಣೆಯ ಸಾಹೇಬನೂ ಏನೂ ತಿಳಿಯದೆ ನಕ್ಕು ಚಪ್ಪಾಳೆ ತಟ್ಟಿದ. ಬೇರಾರೂ ತಟ್ಟಲಿಲ್ಲ. ಯಾರೋ ಕ್ಯಾಸೆಟ್ಟು ನಿಲ್ಲಿಸಿದರು.

"ಅಕ್ಕಾ, ಇದೆಲ್ಲಾ ಆಮ್ಯಾಲ ಮಾತಾಡೂಣ..."

"ಆಮ್ಯಾಲ ಯಾಕ? ಮರೆವ್ವ ಮುಟ್ಟುವಾಗ ಆಮ್ಯಾಲ ಅಂದಿಯೇನ? ನೀನೂ ಬೀರಪ್ಪನ ಒಕ್ಕಲ ಅದಿ. ಮುಟ್ಟು!"

ಪರಾತವನ್ನು ಎತ್ತಿ ಅವನ ಹೊಟ್ಟೆಗೆ ತಾಗುವಷ್ಟು ಹತ್ತಿರ ಹಿಡಿದಳು. ಸಭೆಯ ಕಣ್ಣೆಲ್ಲ ಅವನ ಬಲಗೈಯ ಮೇಲೆ. ಆ ಕೈ ಒಮ್ಮೆ ಮುಂದೆ ಬಂತು. ಭಂಡಾರದ ಹತ್ತಿರ ಬಂದು ನಿಂತಿತು. ಹಿಂದೆ ಸರಿದು ಟೈ ಸಡಿಲಿಸಿಕೊಳ್ಳತೊಡಗಿತು. ಕೊನೆಗೆ ಅವನು ಸಭೆಗೆ ಕೇಳುವಂತೆಯೇ ಹೇಳಿದ:

"ನೋಡ್ರಿ ಅಕ್ಕಾರ, ದೇವರನ್ನ ಧಂದೇದಾಗ ತರಬಾರದು."

ಕೇಳಿದಿರಾ? ಹೀಗೆ ಹೇಳಿದವನು ಅವನು!

ಸಾಲಿನ ಮುಂದಿದ್ದ ಮರೆವ್ವ ಮೈಮೇಲಿನ ಶಾಲು ತೆಗೆದಳು. ಮೆಟ್ಟಿಲು ಹತ್ತಿ ಬಂದು ಅದನ್ನು ನಾಮದೇವನ ಕಾಲ ಬುಡದಲ್ಲಿ ಒಗೆದಳು. ಬಯಲಿನಲ್ಲಿ ದೂರದ ಹಿಂಡನ್ನು ಕೂಗಿ ತಿರುಗಿಸಿ ಅಭ್ಯಾಸವಿದ್ದ ದನಿ ಅದು, ಮೈಕು ಬೇಕಾಗಲಿಲ್ಲ.

"ಹಂಗಾರ ನನ್ನ ಕುರಿ ತಂದ ಕೊಡಲೇ, ನಾಮ್ಯಾ!"