ಹೊಲಿಗೆಯಕ್ಕನ ಬಲಗಾಲು

ಹೊಲಿಗೆಯಕ್ಕನಿಗೆ ಕೈಕಟ್ಟಿ ಕೂರುವುದೆಂದರೆ ಮುಳ್ಳಿನ ಮೇಲೆ ಕೂತ ಹಾಗೆ. ಅಪ್ಪ ತೀರಿಕೊಂಡಾಗಿನಿಂದ ಮೆಷಿನ್ ತುಳಿದೇ ತಂಗಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು. ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗಾಲಿನ ಮೂಳೆ ಮುರಿದುಕೊಂಡಳು. ಒಳಗೆ ಉಕ್ಕಿನ ಸರಳು ಹಾಕಿದರೂ ಮೂಳೆ ಕೂಡಲಿಲ್ಲ, ನಡುವೆ ಸಂದು ಉಳಿಯಿತು.

ಕೊನೆಗೆ ಮೂಳೆ ಡಾಕ್ಟರು ಅವಳದೇ ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಅದರೊಳಗಿನ ಎಳೆಯ ಜೀವಕೋಶಗಳನ್ನು ತಣ್ಣನೆಯ ಜೆಲ್ಲಿನಲ್ಲಿ ಬೆರೆಸಿ, ಸೂಜಿಯಿಂದ ಆ ಸಂದಿಗೆ ತುಂಬಿದರು.

"ಮೈಕಾವಿಗೆ ಇದು ಒಳಗೇ ಗಟ್ಟಿಯಾಗತ್ತಮ್ಮ. ಆ ಕೋಶಗಳು ಅದನ್ನ ಹಿಡ್ಕೊಂಡು ಮೂಳೆ ಕಟ್ಟಬೇಕು. ಅಲ್ಲೀವರೆಗೂ ಕಾಲೂರಿ ನಡೀಬೇಡಿ. ಈ ಸಲವೂ ಕೂಡದಿದ್ರೆ ಕಾಲು ಉಳಿಯಲ್ಲ."

ಅಕ್ಕ ನಡೆಯಲಿಲ್ಲ. ಬಚ್ಚಲಿಗೂ ತಂಗಿಯೇ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದಳು. ಕೂತಲ್ಲಿಂದಲೇ ಅಕ್ಕನ ಬೈಗುಳ ಮಾತ್ರ ನಿಂತಿರಲಿಲ್ಲ.

"ಆ ಡಾಕ್ಟರು ನಿನ್ನ ಬಾಯಿಗೂ ಒಂದು ಪಟ್ಟಿ ಕಟ್ಟಬೇಕಿತ್ತು ಕಣಕ್ಕ."

"ಕಟ್ಟಿದ್ರೆ ನಿನ್ನ ಬೈಯೋಕೆ ಬಾಡಿಗೆಗೆ ಜನ ತರ್ತಿದ್ಯಾ? ಸುಮ್ನೆ ಆ ಮೆಷಿನ್ ಇತ್ಲಾಗೆ ಎಳಿಯೇ. ನಡೀಬೇಡ ಅಂದ್ರು, ಹೊಲೀಬೇಡ ಅಂದ್ರಾ? ಎಡಗಾಲಲ್ಲೇ ತುಳೀತೀನಿ."

ತಂಗಿಗೂ ಅದು ಸರಿಯೆನಿಸಿತು. ಕೂತು ಮಾಡುವ ಕೆಲಸ ತಾನೇ?

ಮೊದಮೊದಲು ಮೆಷಿನ್ ಕುಂಟುತ್ತಿತ್ತು. ಟಕಟಕ ಎಂದು ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತಿತ್ತು. ಅಡುಗೆಮನೆಯಲ್ಲಿ ತಂಗಿ ಕೈಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. ಬರಬರುತ್ತಾ ಸದ್ದು ಸರಾಗವಾಯಿತು. ದಪ್ಪ ಬಟ್ಟೆಯ ಮೇಲೂ ಎಡವದೆ, ಹಿಂದಿನ ಹಾಗೆಯೇ ಹರಿಯತೊಡಗಿತು. ಎಡಗಾಲು ಪಳಗಿತೆಂದು ತಂಗಿ ಹಿಗ್ಗಿದಳು.

ಒಂದು ಮಧ್ಯಾಹ್ನ ಉರುಳಿದ ದಾರದುಂಡೆ ಹೆಕ್ಕಲು ಅವಳು ಮೆಷಿನ್ ಕೆಳಗೆ ಬಗ್ಗಿದಳು. ತುಳಿಯುವ ಹಲಗೆಯ ಮೇಲೆ ಎರಡು ಪಾದಗಳಿದ್ದವು. ಬಲಗಾಲು ಮುಂದೆ, ಎಡಗಾಲು ಹಿಂದೆ.

"ಅಕ್ಕಾ, ನಿಲ್ಸು! ಕಾಲು ನೋಡು!"

ಅಕ್ಕ ಬಗ್ಗಿ, ಯಾರದೋ ಕಾಲನ್ನು ನೋಡುವಂತೆ ನೋಡಿದಳು. "ಇದು ಯಾವಾಗ ಬಂತೇ ಇಲ್ಲಿಗೆ?"

ತಂಗಿ ಎರಡು ಕೈಯಲ್ಲಿ ಕಾಲೆತ್ತಿ ಮಣೆಯ ಮೇಲಿಟ್ಟಳು. ಸೂಜಿ ಚುಚ್ಚಿದ್ದ ಜಾಗ ಊದಿ ಬಿಸಿಯಾಗಿತ್ತು.

"ನೋವಿತ್ತಾ?"

"ಸ್ವಲ್ಪ. ಮೂಳೆ ಬೆಳೀತಿರೋ ನೋವು ಅನ್ಕೊಂಡೆ ಕಣೇ."

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಸರಳು ಸಡಿಲಿ ವಾಲಿತ್ತು. ಸಂದು ಮೊದಲಿಗಿಂತ ಅಗಲವಾಗಿತ್ತು. ಅವರು ನರ್ಸನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ತಂಗಿಯ ಕಡೆ ತಿರುಗಿ ಕೇಳಿದರು:

"ಮನೇಲಿ ದೊಡ್ಡೋರು ಯಾರಿದ್ದಾರೆ?"

"ನಾನೇ ದೊಡ್ಡೋಳು," ಎಂದಳು ಅಕ್ಕ. "ನನಗೇ ಹೇಳಿ."