ನಾನ್ಯಾರು ಹೇಳು ನೋಡಾಣ

ಮೊನ್ನೆ ಚಿತ್ರದುರ್ಗದ ಒಂದು ಆಸ್ಪತ್ರೆಗೆ ಗೆಳೆಯನೊಬ್ಬನನ್ನು ನೋಡಲು ಹೋಗಿದ್ದೆ. ಕೈಯಲ್ಲಿ ಮೂಸಂಬಿ ಚೀಲ. ಅದಿಲ್ಲದೆ ಹೋದರೆ ರೋಗಿ ಹಾಗಿರಲಿ, ವಾಚ್‌ಮನ್ ಕೂಡ ನಮ್ಮನ್ನು ನಂಬುವುದಿಲ್ಲ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಮಲಗಿದ್ದರು. ಅವರ ಬಂಧುವೊಬ್ಬರು ಒಳಗೆ ಬಂದವರೇ ಮುಖದ ಮೇಲೆ ಬಗ್ಗಿ, "ನಾನ್ಯಾರು ಹೇಳು ನೋಡಾಣ" ಎಂದರು. ನನಗೆ ನಗು ಬಂತು. ತಾಳ್ಯದ ನಮ್ಮ ದೊಡ್ಡಪ್ಪ ನೆನಪಾದರು.

ನೀವೂ ಈ ಪ್ರಶ್ನೆ ಕೇಳಿರುತ್ತೀರಿ, ಸುಳ್ಳು ಹೇಳಬೇಡಿ. ನಮ್ಮ ಕಡೆ ವಯಸ್ಸಾದವರು ಹಾಸಿಗೆ ಹಿಡಿದರೆ ಸಾಕು, ನೋಡಲು ಬಂದವರು ಹೇಗಿದ್ದೀರಿ ಎಂದು ಕೇಳುವ ಮೊದಲೇ ಪರೀಕ್ಷೆ ಇಟ್ಟುಬಿಡುತ್ತಾರೆ. ರೋಗಿ ಪಾಸಾದರೆ ಏನೂ ಆಗಿಲ್ಲ ಬಿಡು, ಕಲ್ಲು ಗುಂಡಿನಂಗೆ ಅವ್ರೆ ಎನ್ನುತ್ತಾರೆ. ಫೇಲಾದರೆ ಹೊರಗೆ ಹೋಗಿ ಕಣ್ಣೊರೆಸಿಕೊಂಡು, ಕ್ಯಾಂಟೀನಿನಲ್ಲಿ ಟೀ ಕುಡಿದು ಬಸ್ ಹತ್ತುತ್ತಾರೆ.

ದೊಡ್ಡಪ್ಪ ಬದುಕೆಲ್ಲ ಕುರಿ ಕಾಯ್ದವರು. ಎರಡು ಮಂದೆ ಬೆರೆತುಹೋದರೂ ತಮ್ಮ ಕುರಿಗಳನ್ನು ಮುಖ ನೋಡಿಯೇ ಬೇರೆ ಮಾಡುತ್ತಿದ್ದರು. ನನಗೆ ಎಲ್ಲ ಕುರಿಗೂ ಒಂದೇ ಮುಖ. ಬಹುಶಃ ಅದಕ್ಕೇ ಬ್ಯಾಂಕಿನ ಕೆಲಸಕ್ಕೆ ಸೇರಿದೆ. ಕೆಲವು ವರ್ಷಗಳ ಹಿಂದೆ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಚಿತ್ರದುರ್ಗಕ್ಕೆ ತಂದು ಆಪರೇಷನ್ ಮಾಡಿಸಿದೆವು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮರುದಿನ ಕಣ್ಣು ಬಿಟ್ಟ ದೊಡ್ಡಪ್ಪನಿಗೆ ನಮ್ಮಲ್ಲಿ ಒಬ್ಬರ ಗುರುತೂ ಸಿಗಲಿಲ್ಲ.

ಸರಿ, ಪರೀಕ್ಷೆ ಶುರುವಾಯಿತು. ಹೊಸದುರ್ಗದಿಂದ ಬಂದ ಸ್ವಂತ ತಮ್ಮನನ್ನೇ ಕಂಡಕ್ಟರ್ ಎಂದುಕೊಂಡು ಹೊಳಲ್ಕೆರೆಗೆ ಒಂದು ಟಿಕೆಟ್ ಕೇಳಿದರು. ನಾನು ಓದಿದವನಲ್ಲವೇ, ಇನ್ನೂ ಗಟ್ಟಿ ಪ್ರಶ್ನೆ ಹಾಕಿದೆ: ಇವತ್ತು ಯಾವ ವಾರ? ದೊಡ್ಡಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕುರಿಗೆ ಸೂಜಿ ಹಾಕಾಕೆ ಬಂದೋರಲ್ವಾ ನೀವು? ಮಂದೆ ಇನ್ನೂ ಬಂದಿಲ್ಲ, ಹೊರಗೆ ನಿಂತ್ಕಳ್ರಿ" ಎಂದರು. ಹೊರಗೆ ಹೋಗಿ ನಿಂತುಕೊಂಡೆ, ಇನ್ನೇನು ಮಾಡಲಿ?

ದೊಡ್ಡಮ್ಮ ಮಾತ್ರ ಏನೂ ಕೇಳಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಆಗಾಗ ಚಮಚದಲ್ಲಿ ನೀರು ಕುಡಿಸುತ್ತಿದ್ದರು, ಅಷ್ಟೇ.

ಮಧ್ಯಾಹ್ನ ಬಂದ ಡಾಕ್ಟರಮ್ಮ ನಮ್ಮ ಗುಂಪನ್ನು ನೋಡಿಯೇ ಸುಸ್ತಾದರು. ಇದು ಹುಚ್ಚಲ್ಲ, ದೊಡ್ಡ ಆಪರೇಷನ್ ಆದ ಮೇಲೆ ವಯಸ್ಸಾದವರಿಗೆ ಬರುವ ಸನ್ನಿ, ಹೆಚ್ಚಿನವರಲ್ಲಿ ನಿಧಾನಕ್ಕೆ ಇಳಿಯುತ್ತದೆ ಎಂದು ಧೈರ್ಯ ಹೇಳಿದರು. ಆಮೇಲೆ ಕೇಳುತ್ತ ಹೋದರು. ಮೊದಲಿಂದಲೂ ಮರೆವಿತ್ತಾ? ಕುಡಿಯೋ ಅಭ್ಯಾಸ? ನಿದ್ದೆ ಮಾತ್ರೆ? ರಾತ್ರಿ ನೋವಿಗೆ ನಿದ್ದೆ ಕೆಟ್ಟಿತಾ? ನೀರು ಸರಿಯಾಗಿ ಹೋಗುತ್ತಿದೆಯಾ? ಕಣ್ಣು, ಕಿವಿ ಹೇಗೆ? ಇದರಲ್ಲಿ ನಾಲ್ಕಾರು ಒಟ್ಟಿಗೆ ಸೇರಿದರೆ ಮುಪ್ಪಿನ ತಲೆ ತಡೆದುಕೊಳ್ಳುವುದಿಲ್ಲವಂತೆ. ಕನ್ನಡಕ, ಕಿವಿ ಮಿಷನ್ ಎಲ್ಲಿ ಎಂದಾಗ ನಾವೆಲ್ಲ ದೊಡ್ಡಮ್ಮನ ಕಡೆ ತಿರುಗಿದೆವು. ಆಸ್ಪತ್ರೆಯಲ್ಲಿ ಯಾರಾದರೂ ಎತ್ತಿಕೊಂಡು ಹೋದಾರೆಂದು ಎರಡನ್ನೂ ಊರಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಬಂದಿದ್ದರು. ಎಂಥ ಜಾಣೆ ಎಂದು ಆಗ ನಾವೇ ಹೊಗಳಿದ್ದೆವು! ಪಾಪ, ಆ ಮನುಷ್ಯನಿಗೆ ಕಾಣುತ್ತಿದ್ದುದು ಸದ್ದಿಲ್ಲದೆ ಬಾಯಾಡಿಸುವ ಒಂದಿಷ್ಟು ಮಸುಕು ಮುಖಗಳು.

ಅವನ್ನು ಮೊದಲು ತರಿಸಿ, ಇನ್ನು ಯಾರೂ ಪರೀಕ್ಷೆ ಮಾಡಬೇಡಿ, ಬಂದವರು ತಾವೇ ಹೆಸರು ಹೇಳಿ, ಅದೂ ಒಬ್ಬೊಬ್ಬರಾಗಿ ಎಂದು ಡಾಕ್ಟರಮ್ಮ ಕಟ್ಟುನಿಟ್ಟು ಮಾಡಿ ಹೋದರು. ನೀನೇ ಮೊದಲು ಹೇಳು ಎಂದು ನಾನು ದೊಡ್ಡಮ್ಮನನ್ನು ಹುರಿದುಂಬಿಸಿದೆ. ಅವರು ತಲೆ ಎತ್ತಲಿಲ್ಲ.

"ನಿಮ್ ಹೆಂಡ್ತಿ ಅಂತ ಹೇಳಿದ್ ಮೇಲೂ ಅಲ್ಲ ಅಂದ್ಬಿಟ್ರೆ ಏನ್ ಮಾಡ್ಲಪ್ಪ?"

ನಮಗೆಲ್ಲ ತಮಾಷೆಯಾಗಿದ್ದ ಪ್ರಶ್ನೆ ಅವರಿಗೆ ಇಡೀ ಬಾಳುವೆಯದಾಗಿತ್ತು.

ಅಷ್ಟರಲ್ಲಿ ದೊಡ್ಡಪ್ಪನೇ ಅವರತ್ತ ಹೊರಳಿ, ಆರಾಮಾಗಿ ಕುಂತ್ಕಳ್ರಮ್ಮ ಎಂದು ಉಪಚಾರ ಮಾಡಿದರು. ಹೆಂಡತಿಯನ್ನು ಜನ್ಮದಲ್ಲಿ 'ಲೇ' ಬಿಟ್ಟು ಬೇರೆ ಕರೆದವರಲ್ಲ! ಆಮೇಲೆ ತಾವಾಗಿ ಮಾತಿಗಿಳಿದರು. "ನಮ್ಮನೇಳು ಬರ್ತಾಳೆ ಈಗ. ಬಲು ಗಟ್ಟಿ ಹೆಂಗಸು. ಮಂದೆ ನಾನು ಕಾಯ್ದೆ ಅಂತಾರೆ ಊರೋರು. ಕಾಯ್ದೋಳು ಅವ್ಳು. ನಾನು ಕೋಲು ಹಿಡ್ಕಂಡು ತಿರುಗಿದ್ದು ಅಷ್ಟೇ. ಅವ್ಳ ಮುಂದೆ ಹೇಳಬ್ಯಾಡ್ರಿ ಮತ್ತೆ."

ದೊಡ್ಡಮ್ಮ ಹೇಳುವುದಿಲ್ಲ ಎಂದು ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು. ನಾನು ಟ್ರಂಕಿನ ಕೀಲಿ ಇಸಿದುಕೊಂಡು ಬೈಕ್ ಹತ್ತಿದೆ.

ಕನ್ನಡಕ, ಮಿಷನ್ ಬಂದವು ಎಂದು ಒಂದೇ ಏಟಿಗೆ ಎಲ್ಲ ಸರಿಹೋಗಲಿಲ್ಲ. ನೋವು ಇಳಿಯಿತು, ಒಳ್ಳೆಯ ನಿದ್ದೆ ಬಂತು, ಕಿಟಕಿ ಪಕ್ಕ ಕೂರಿಸಿ ಗಂಜಿ ಕುಡಿಸಿದೆವು. ಸನ್ನಿ ಒಮ್ಮೆ ಬಿಡುವುದು, ಒಮ್ಮೆ ಹಿಡಿಯುವುದು. ಒಂದು ಬೆಳಿಗ್ಗೆ ದೊಡ್ಡಮ್ಮ ಲೋಟ ಹಿಡಿದು ಹತ್ತಿರ ಹೋದಾಗ ದೊಡ್ಡಪ್ಪ ಗದರಿದರು.

"ಎಲ್ಲಿಗೆ ಹೋಗಿದ್ಯಲೇ ಇಷ್ಟು ದಿನ? ಯಾರೋ ಆಯಮ್ಮ ಬಂದು ಕುಂತು ನೋಡ್ಕಂಡ್ಲು ಪಾಪ."

ಗಂಡನ ಬೈಗುಳಕ್ಕೆ ಒಬ್ಬ ಹೆಂಗಸು ಅಷ್ಟು ಖುಷಿಪಟ್ಟಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಮೊನ್ನೆ ಆಸ್ಪತ್ರೆಯಿಂದ ಮನೆಗೆ ಹೋಗಲು ಮನಸ್ಸಾಗದೆ ನೇರ ತಾಳ್ಯಕ್ಕೆ ಹೋದೆ. ಹೊಸಿಲು ದಾಟುತ್ತಲೇ ನನ್ನ ಹೆಸರು ನಾನೇ ಹೇಳಿದೆ. ಗೊತ್ತೈತೆ, ಕುಂತ್ಕಳಪ್ಪ ಎಂದ ದೊಡ್ಡಪ್ಪ ಊರ ಸುದ್ದಿಯೆಲ್ಲ ಮುಗಿಸಿ, ಆ ಆಸ್ಪತ್ರೆ ಆಯಮ್ಮ ಆಮೇಲೆ ಕಣ್ಣಿಗೇ ಬೀಳಲಿಲ್ಲ ನೋಡು ಎಂದು ಪೇಚಾಡಿಕೊಂಡರು. ನಾನು ಅಡಿಗೆ ಮನೆಗೆ ಹೋಗಿ, ಅದು ನೀನೇ ಅಂತ ಇನ್ನೂ ಹೇಳಿಲ್ಲವಾ ಎಂದು ಕೇಳಿದೆ. ಮುದ್ದೆ ತಿರುವುತ್ತಿದ್ದ ದೊಡ್ಡಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಹೇಳಿದ್ರೆ ನಾಚ್ಕಂಡು ಬಾಯಿ ಮುಚ್ಕಂತಾರೆ ಕಣಪ್ಪ. ಈಗಾದ್ರೆ ಆಯಮ್ಮಂಗೆ ನಿನ್ ವಿಚಾರ ಹಿಂಗೆ ಹೇಳ್ದೆ, ಹಂಗೆ ಹೇಳ್ದೆ ಅಂತ ಆಗಾಗ ನನ್ ಮುಂದೇನೇ ಹೇಳ್ತಾರೆ. ಇನ್ನೊಂದಿಷ್ಟು ದಿನ ಕೇಳ್ಕಂತೀನಿ ಬಿಡು."