ಅಮ್ಮನಿಗೆ ಓದಿ ಹೇಳಿದ ಆತ್ಮಕಥೆ

ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಇರಲಿಲ್ಲ. ಕಾವೂರಿನ ಗೇಣಿಗದ್ದೆ ಬಿಟ್ಟು ಅಪ್ಪ, ಅಮ್ಮ ಬಿಕರ್ನಕಟ್ಟೆಯ ಬಾಡಿಗೆ ಮನೆಗೆ ಬಂದದ್ದು ನಾನು ಹುಟ್ಟುವುದಕ್ಕೆ ಮೊದಲು. ಅಪ್ಪನಿಗೆ ಹಂಚಿನ ಕಾರ್ಖಾನೆಯಲ್ಲಿ ಕೆಲಸ, ಅಮ್ಮನಿಗೆ ಗೇರುಬೀಜದ ಕಾರ್ಖಾನೆಯಲ್ಲಿ. ಓದುವ ಹುಚ್ಚು ನನಗೆ ಎಲ್ಲಿಂದ ಅಂಟಿತೋ ತಿಳಿಯದು. ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟ ಪತ್ರಿಕೆಯ ಚೂರನ್ನೂ ಬಿಡುತ್ತಿರಲಿಲ್ಲ. ಅರ್ಧಕ್ಕೆ ಹರಿದ ಸುದ್ದಿಯ ಉಳಿದರ್ಧ ಏನಿರಬಹುದೆಂದು ಯೋಚಿಸುತ್ತ ಶಾಲೆಗೆ ನಡೆಯುತ್ತಿದ್ದೆ.

ಇದನ್ನು ಗಮನಿಸಿದ ನಮ್ಮ ಕನ್ನಡ ಟೀಚರು ಒಂದು ದಿನ ತಮ್ಮ ಚೀಲದಿಂದ ಪುಸ್ತಕವೊಂದನ್ನು ತೆಗೆದುಕೊಟ್ಟರು. ಮೊದಲ ಕೆಲವು ಹಾಳೆಗಳೇ ಇರಲಿಲ್ಲ. ಒಬ್ಬ ಸೂಲಗಿತ್ತಿ ಮುಪ್ಪಿನಲ್ಲಿ ಬರೆದ ತನ್ನದೇ ಕಥೆ ಅದು. ಅವಳ ಹೆಸರು ನನಗೆ ಕೊನೆಗೂ ಗೊತ್ತಾಗಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಮ್ಮನಿಗೆ ಅದನ್ನು ಓದಿ ಹೇಳತೊಡಗಿದೆ. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಮಾತೆಲ್ಲ ತುಳು. ಒಂದು ಪುಟ ಕನ್ನಡದಲ್ಲಿ ಓದಿಕೊಂಡು ತುಳುವಿನಲ್ಲಿ ಹೇಳುತ್ತಿದ್ದೆ. ಗೇರುಬೀಜದ ಎಣ್ಣೆಗೆ ಅವಳ ಬೆರಳುಗಳು ಕಪ್ಪಾಗಿ ಸಿಪ್ಪೆಯೇಳುತ್ತಿದ್ದವು. ಪುಸ್ತಕಕ್ಕೆ ಕಲೆ ಹಿಡಿದೀತೆಂದು ಸ್ವಲ್ಪ ದೂರವೇ ಕೂರುತ್ತಿದ್ದಳು.

ಮೂರನೆಯ ಭಾನುವಾರ ಸೂಲಗಿತ್ತಿಯ ಸ್ವಂತ ಮಗುವಿನ ವಿಷಯ ಬಂತು. ಇನ್ನೊಬ್ಬರ ಹೆರಿಗೆಗೆಂದು ಅವಳು ಹೋಗಿದ್ದ ದಿನ, ಮನೆಯಲ್ಲಿ ಅವಳ ಮಗು ಜ್ವರದಿಂದ ತೀರಿಕೊಂಡಿತ್ತು. ಹೊರಡುವಾಗ ಮಗು ಸೆರಗು ಹಿಡಿದದ್ದು, ತಾನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದು, ಇಷ್ಟನ್ನೇ ಬರೆದಿದ್ದಳು. ಅತ್ತೆನೆಂದು ಎಲ್ಲಿಯೂ ಇರಲಿಲ್ಲ.

"ಇದನ್ನೆಲ್ಲ ಪುಸ್ತಕದಲ್ಲಿ ಬರೀಲಿಕ್ಕೆ ಉಂಟಾ?" ಎಂದಳು ಅಮ್ಮ.

"ಬರೆದಿದ್ದಾರಲ್ಲ ಅಮ್ಮ."

"ಇನ್ನೊಮ್ಮೆ ಹೇಳು."

ಹೇಳಿದೆ. ಅಮ್ಮ ಗೋಡೆಗೆ ಒರಗಿದಳು. "ನನಗೂ ಒಬ್ಬ ಇದ್ದ ಮಗಾ. ನಿನಗಿಂತ ಮೊದಲು."

ಹನ್ನೆರಡು ವರ್ಷದ ನಾನು ಆವರೆಗೆ ಅಣ್ಣನೊಬ್ಬನಿದ್ದ ಸುದ್ದಿಯನ್ನೇ ಕೇಳಿರಲಿಲ್ಲ. ಅವನಿಗೆ ಎರಡು ವರ್ಷವಂತೆ. ಜ್ವರ ಬಂದಿತ್ತು. ಧಣಿಗಳ ಗದ್ದೆಯಲ್ಲಿ ನಾಟಿಯ ದಿನವಾದ್ದರಿಂದ ಅಮ್ಮ ಹೋಗಲೇಬೇಕಾಗಿತ್ತು.

"ಮಧ್ಯಾಹ್ನದವರೆಗೆ ನನ್ನನ್ನು ಕರೆದಿರಬೇಕು. ನಾನು ಬರುವಾಗ ತಣ್ಣಗಾಗಿದ್ದ."

ಅಪ್ಪ ಜಗಲಿಯಲ್ಲಿ ಕೊಡೆಯ ಕಡ್ಡಿ ಸರಿಮಾಡುತ್ತಿದ್ದರು. ಅಲ್ಲಿಂದಲೇ, "ಮಧ್ಯಾಹ್ನ ಅಲ್ಲ," ಎಂದರು. "ನೀನು ಹೋಗಿ ಸ್ವಲ್ಪ ಹೊತ್ತಿನಲ್ಲೇ. ನನ್ನ ತೊಡೆಯ ಮೇಲೆ."

ಅಮ್ಮ ಎದ್ದು ಬಾಗಿಲಿಗೆ ಬಂದಳು. "ಮತ್ತೆ ನನ್ನನ್ನು ಯಾಕೆ ಕರೆಯಲಿಲ್ಲ ನೀವು?"

"ನಾಟಿ ಬಿಟ್ಟು ಬಂದರೆ ಧಣಿಗಳು ಗೇಣಿ ಬಿಡಿಸಿಯಾರು ಅಂತ ಹೆದರಿದೆ." ಅಪ್ಪ ತಲೆಯೆತ್ತಲಿಲ್ಲ. "ಅವನು ಹೋಗಿ ಆಗಿತ್ತು. ಎಂತ ಮಾಡುವುದು?"

ಅಮ್ಮ ಒಳಗೆ ಹೋದಳು. ಆಮೇಲೆ ಎಂಟು ದಿನ ಅಪ್ಪನ ಜೊತೆ ಒಂದು ಮಾತಿಲ್ಲ. ಗಂಜಿ ಬಡಿಸುತ್ತಿದ್ದಳು, ಕೆಲಸಕ್ಕೆ ಹೋಗುತ್ತಿದ್ದಳು, ಅಷ್ಟೆ. ನನ್ನ ಓದೇ ಇಷ್ಟಕ್ಕೆಲ್ಲ ಕಾರಣವೆಂದು ನನಗೆ ಭಯ. ಪುಸ್ತಕವನ್ನು ಟೀಚರಿಗೆ ಹಿಂದಿರುಗಿಸಲು ಕೊಂಡೊಯ್ದೆ.

"ಓದಿ ಮುಗಿಯಿತಾ?" ಎಂದರು.

"ಇಲ್ಲ ಟೀಚರ್. ಅಮ್ಮನಿಗೂ ಹೇಳಿದೆ," ಎನ್ನುವಷ್ಟರಲ್ಲಿ ಅಳು ಬಂತು. ಅವರು ಪುಸ್ತಕವನ್ನು ನನ್ನ ಚೀಲದೊಳಗೇ ಇಟ್ಟು, "ಮುಗಿಸಿ ಕೊಡು" ಎಂದರು.

ಅಂದು ಸಂಜೆ ಅಪ್ಪನಿಗೆ ಬಡಿಸುತ್ತಿದ್ದ ಅಮ್ಮ ಸೌಟು ಹಿಡಿದೇ ನಿಂತಳು. "ಕೊನೆಗೆ ಎಂತ ಹೇಳಿದ ಅವನು?"

"ನೀರು ಕೇಳಿದ. ಕೊಟ್ಟೆ, ಕುಡಿದ."

"ನನ್ನನ್ನು ಕೇಳಿದನಾ?"

ಅಪ್ಪ ಸ್ವಲ್ಪ ತಡೆದು, "ಇಲ್ಲ. ನಿದ್ರೆ ಬಂದ ಹಾಗಿತ್ತು," ಎಂದರು.

ಅದು ನಿಜವೋ, ಅಮ್ಮನ ಸಮಾಧಾನಕ್ಕೆ ಹೇಳಿದ್ದೋ, ನನಗೆ ಇಂದಿಗೂ ಗೊತ್ತಿಲ್ಲ. ಅಮ್ಮ ಅಲ್ಲೇ ಕುಳಿತು ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ಬಟ್ಟಲು ಮುಟ್ಟದೆ ಅವಳ ಹತ್ತಿರವೇ ಕುಳಿತಿದ್ದರು.

ಮುಂದಿನ ಭಾನುವಾರ ಅಮ್ಮನೇ ಕರೆದಳು. "ಆ ಹೆಂಗಸು ಆಮೇಲೆ ಹೇಗೆ ಬದುಕಿದಳು? ಓದು ಮಗಾ."

ಅಪ್ಪನೂ ಜಗಲಿಯಿಂದ ಎದ್ದು ಒಳಗೆ ಬಂದು ಕುಳಿತರು.